ಬಾಡಿಗೆಗೆ ಕೊಟ್ಟ ಎಡಗೆನ್ನೆ

ನನ್ನ ಅಕ್ಕನಿಗೆ,

ನೀನು ಹೋಗಿ ನಾಲ್ಕು ತಿಂಗಳಾಗುತ್ತ ಬಂತು. ಈ ನೋಟ್‌ಬುಕ್ಕಿನಲ್ಲಿ ದಿನಾ ಎರಡು ಸಾಲು ಬರೆಯುವುದನ್ನು ಬಿಟ್ಟಿಲ್ಲ. ಹಾಲು ಒಡೆಯಿತು, ಬಚ್ಚಲ ನಲ್ಲಿ ಸೋರುತ್ತಿದೆ, ಹುಡುಗಿಗೆ ಶೂ ಬಿಗಿಯಾಯಿತು, ಇಂಥವೇ. ನಿನ್ನ ಮಾತು ಬರುವ ಜಾಗ ಬಂದರೆ ಪೆನ್ನು ತಾನಾಗಿ ಪಕ್ಕದ ದಾರಿ ಹಿಡಿಯುತ್ತದೆ. ಇವತ್ತು ಭಾನುವಾರ. ನಿನ್ನ ಮಗಳು ಕೆಳಗೆ ಆಡುತ್ತಿದ್ದಾಳೆ, ಅವಳ ಜಗಳದ ದನಿ ಕಿಟಕಿಯವರೆಗೂ ಬರುತ್ತಿದೆ. ನಿನ್ನೆ ಅಂಗಡಿಯಲ್ಲಿ ಒಂದು ಕಾಗದದ ಮೇಲೆ ಒಂದು ಪದ ಬರೆದು ಬಂದೆ. ಯಾಕೆ ಬರೆದೆ ಅಂತ ಮೊದಲು ನಿನಗೇ ಹೇಳಬೇಕು. ಅದಕ್ಕೆ ನನ್ನ ಮುಖದ ಕತೆ ಹೇಳಬೇಕಾಗುತ್ತದೆ. ಅದರಲ್ಲಿ ಅರ್ಧ ನಿನಗೆ ಗೊತ್ತು. ಇನ್ನರ್ಧ ನಾನು ನಿನ್ನಿಂದ ಮುಚ್ಚಿಟ್ಟದ್ದು.

ಮುಚ್ಚಿಡುವುದು ನನಗೆ ಹೊಸದಲ್ಲ. ಗುಮ್ಮನಗುಸಕಿ ಅಂತ ನೀನು ಚಿಕ್ಕಂದಿನಲ್ಲೇ ಹೆಸರಿಟ್ಟೆ, ಆಮೇಲೆ ಅದನ್ನು ಕತ್ತರಿಸಿ ಗುಮ್ಮಿ ಮಾಡಿದೆ. ಹೆಸರಿಡುವುದರಲ್ಲಿ ನಿನ್ನನ್ನು ಮೀರಿಸುವವರು ಯಾರಿದ್ದರು. ಹದಿನೆಂಟು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು, ಹೆತ್ತ ಮಗಳಿಗೂ ಚಿಲ್ಲರೆ ಅಂತ ಹೆಸರಿಟ್ಟೆ. "ದೇವರು ನನಗೆ ಕೊಡಬೇಕಾದ್ದನ್ನೆಲ್ಲ ಇಟ್ಟುಕೊಂಡು ಇಷ್ಟು ಚಿಲ್ಲರೆ ವಾಪಸ್ ಕೊಟ್ಟ," ಅಂತ ಅವಳನ್ನು ಎತ್ತಿಕೊಂಡು ಎಲ್ಲರಿಗೂ ತೋರಿಸುತ್ತಿದ್ದೆ. ಭಾವ ಬಿಟ್ಟುಹೋದ ವರ್ಷವೂ ಆ ಮಾತನ್ನು ಹೇಳಿ ನಕ್ಕೆ. ನೀನು ನಕ್ಕರೆ ಮೂಗಿನ ಪಕ್ಕದಿಂದ ಬಾಯಿಯ ಅಂಚಿನವರೆಗೆ ಒಂದು ಆಳವಾದ ಗೆರೆ ಬೀಳುತ್ತಿತ್ತು. ಕಣ್ಣಿನ ಕೊನೆಯಲ್ಲಿ ಮೂರು ಸಣ್ಣ ಗೆರೆ, ಕೋಳಿ ಹೆಜ್ಜೆಯ ಹಾಗೆ. ನನಗೂ ಅದೇ ಅಚ್ಚು. ಆದರೆ ನಾನು ನಗುವುದು ಕಡಿಮೆ, ಹಾಗಾಗಿ ಗೆರೆಯೂ ಕಡಿಮೆ.

ನಿನ್ನನ್ನು ವಾರ್ಡಿಗೆ ಸೇರಿಸಿದ ವಾರ ನೆನಪಿದೆಯಾ? ನೋಡಲು ಬಿಡುತ್ತಿದ್ದದ್ದು ಸಂಜೆ ನಾಲ್ಕರಿಂದ ಆರು. ನಾನಾಗ ಕ್ರೀಮು, ಪೌಡರು ಮಾರುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಡಬ್ಬಿ ಕಟ್ಟುತ್ತಿದ್ದೆ. ಕೆಲಸ ಮುಗಿಯುವುದು ಏಳಕ್ಕೆ. ಮೊದಲ ವಾರ ಎರಡೇ ದಿನ ಬಂದೆ, ಅದೂ ಹೊಟ್ಟೆನೋವು ಅಂತ ಸುಳ್ಳು ಹೇಳಿ. ಅದೇ ವಾರ ಮುಂದಿನ ಕೌಂಟರಿನ ಮೇಡಂ ನಮ್ಮ ಕೋಣೆಗೆ ಬಂದು, ನಲವತ್ತು ದಾಟಿದ, ಗೆರೆ ಇರುವ ಮುಖ ಬೇಕು ಅಂದರು. ಡಬ್ಬಿ ಕಟ್ಟುವವರೆಲ್ಲ ಒಟ್ಟಿಗೆ ನನ್ನ ಕಡೆ ಕೈ ತೋರಿಸಿದರು. "ಗೆರೆ ತಾನೆ ಮೇಡಂ? ಇವಳ ಹಣೆ ನೋಡಿ, ನಾಲ್ಕು ಗೆರೆ ಕಾಪಿ ಪುಸ್ತಕ," ಅಂದಳು ಅಂಟು ಹಚ್ಚುವವಳು.

ಮೇಡಂ ನನ್ನನ್ನು ಕರೆದುಕೊಂಡು ಹೋಗಿ ಬೆರಳುದ್ದದ ಒಂದು ಗಾಜಿನ ಸೀಸೆ ತೋರಿಸಿದರು. ಸುಕ್ಕು ಇಳಿಸುವ ಹೊಸ ಸೀರಮ್. ಅದರಲ್ಲಿ ಪೆಪ್ಟೈಡ್ ಅಂತ ಏನೋ ಇದೆಯಂತೆ. "ನಾವು ನಕ್ಕಾಗ, ಹುಬ್ಬು ಗಂಟು ಹಾಕಿದಾಗ ಚರ್ಮದ ಕೆಳಗಿನ ಸ್ನಾಯು ಎಳೀತದೆ. ದಿನಾ ಎಳೆದೂ ಎಳೆದೂ ಮಡಿಕೆ ನಿಂತುಬಿಡ್ತದೆ. ಇದು ಆ ಸ್ನಾಯುವಿಗೆ 'ಸ್ವಲ್ಪ ಸುಮ್ನಿರಪ್ಪ' ಅಂತ ಹೇಳುತ್ತೆ, ಅಷ್ಟೇ," ಅಂದರು. ಹನ್ನೆರಡು ವಾರದ ಪರೀಕ್ಷೆ. ದಿನಾ ಬೆಳಿಗ್ಗೆ ಅವರ ಎದುರಿಗೇ ಎರಡು ಹನಿ ಹಚ್ಚಬೇಕು, ಅದೂ ಮುಖದ ಎಡಗಡೆ ಮಾತ್ರ. ಬಲಗಡೆಗೆ ಏನೂ ಹಚ್ಚುವ ಹಾಗಿಲ್ಲ. ಪ್ರತಿ ಶನಿವಾರ ಒಂದು ಫೋಟೋ, ಕೊನೆಗೆ ಎರಡೂ ಕಡೆಯನ್ನು ಹೋಲಿಸಿ ನೋಡುತ್ತಾರೆ. ಹಚ್ಚಿದ ಕಡೆಗೆ ಆದಷ್ಟು ವಿಶ್ರಾಂತಿ ಕೊಡಬೇಕು, ಜೋರಾಗಿ ನಗಬಾರದು, ಮುಖ ಕಿವುಚಬಾರದು. ಹೀಗೆ ಮುಖ ಕೊಟ್ಟವರಿಗೆ ಕೌಂಟರಿನ ಮುಂದೆ ಕೆಲಸ, ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರು.

ಮೂರು ಅಂತ ಕಿವಿಗೆ ಬಿದ್ದದ್ದೇ ನಾನು ಹೂಂ ಅಂದೆ. ಅವರು ಇನ್ನೂ ಮಾತು ಮುಗಿಸಿರಲಿಲ್ಲ. ಮೂರಕ್ಕೆ ಬಿಟ್ಟರೆ ಎರಡು ಬಸ್ಸು ಬದಲಾಯಿಸಿ ನಾಲ್ಕಕ್ಕೆ ಸರಿಯಾಗಿ ನಿನ್ನ ಮಂಚದ ಪಕ್ಕ ಇರಬಹುದಿತ್ತು. ಚಿಲ್ಲರೆಯನ್ನು ಶಾಲೆಯ ಬಾಗಿಲಲ್ಲೇ ಹಿಡಿದುಕೊಂಡು ಬರಬಹುದಿತ್ತು.

ನಿನಗೆ ಹೇಳಿದಾಗ ನೀನು ದಿಂಬಿಗೆ ಒರಗಿ ಕೈ ತಟ್ಟಿದೆ. "ಅರ್ಧ ಮುಖಕ್ಕೆ ಹಚ್ಚಿ ಕೊನೆಗೆ ಅರ್ಧಚಂದ್ರ ಕೊಟ್ಟು ಕಳಿಸ್ತಾರೆ ನೋಡ್ಕೋ ಗುಮ್ಮಿ! ಒಂದು ಕೆನ್ನೆ ಮದುವಣಗಿತ್ತಿ, ಒಂದು ಕೆನ್ನೆ ಅವಳ ಅತ್ತೆ!" ಪಕ್ಕದ ಮಂಚದವರೂ ನಕ್ಕರು. ನಾನೂ ನಗುವುದರಲ್ಲಿದ್ದೆ. ಆಗ ಎಡಗೆನ್ನೆ ನೆನಪಾಯಿತು. ಬಾಯಿ ಮುಚ್ಚಿಕೊಂಡೆ.

ನಿನಗೆ ಹೇಳದೆ ಬಿಟ್ಟದ್ದು ಇದು. ಶನಿವಾರ ಫೋಟೋ ತೆಗೆಯುವ ಮೊದಲು ಒಂದು ಕಾಗದ ತುಂಬಿಸಬೇಕಿತ್ತು. ಅದರಲ್ಲಿ ಮೂರು ಪ್ರಶ್ನೆ. ಈ ವಾರ ಬಿಸಿಲಲ್ಲಿ ಹೆಚ್ಚು ಹೊತ್ತು ಇದ್ದಿರಾ? ಈ ವಾರ ಎಂದಿಗಿಂತ ಹೆಚ್ಚು ನಕ್ಕಿರಾ? ಈ ವಾರ ಎಂದಿಗಿಂತ ಹೆಚ್ಚು ಅತ್ತಿರಾ? ಎದುರಿಗೆ ಹೌದು ಅಥವಾ ಇಲ್ಲ ಅಂತ ಬರೆಯಬೇಕು. ಒಂದು ವಾರ ಹೌದು ಬಂದರೆ ಪರವಾಗಿಲ್ಲ. ಸಾಲಾಗಿ ಎರಡು ವಾರ ಬಂದರೆ ಆ ಮುಖ ಲೆಕ್ಕಕ್ಕಿಲ್ಲ, ವಾಪಸ್ ಡಬ್ಬಿ ಕೋಣೆಗೆ, ವಾಪಸ್ ಏಳು ಗಂಟೆಗೆ. ನಿನ್ನನ್ನು ನೋಡಲು ಬರಬೇಕಾದರೆ ನಾನು ನಗಬಾರದಿತ್ತು. ಬಂದು ಕೂತರೆ ನೀನು ನಗಿಸದೆ ಬಿಡುತ್ತಿರಲಿಲ್ಲ. ಇದನ್ನು ಹೇಳಿದ್ದರೆ ನೀನು, "ಹಾಳಾಗಿ ಹೋಗಲಿ ಆ ಕೌಂಟರು, ವಾರಕ್ಕೆ ಎರಡು ದಿನ ಬಾ, ಬಾಯ್ತುಂಬ ನಗು," ಅನ್ನುತ್ತಿದ್ದೆ. ನನಗೆ ಎರಡು ದಿನ ಸಾಲುತ್ತಿರಲಿಲ್ಲ ಅಕ್ಕ. ಅದಕ್ಕೇ ಹೇಳಲಿಲ್ಲ.

ನಿನ್ನ ಮಂಚ ಗೋಡೆಗೆ ಒತ್ತಿಕೊಂಡಿತ್ತು. ಕುರ್ಚಿ ಹಾಕಲು ಇದ್ದದ್ದು ಒಂದೇ ಸಂದು. ಅಲ್ಲಿ ಕಿಟಕಿಗೆ ಮುಖ ಮಾಡಿ ಕೂತರೆ ನಿನಗೆ ಕಾಣುತ್ತಿದ್ದದ್ದು ನನ್ನ ಬಲಗೆನ್ನೆ ಮಾತ್ರ. ಮೊದಲ ಎರಡು ವಾರ ನಾನು ಕಲ್ಲಿನ ಹಾಗೆ ಕೂತೆ. ನೀನು ಒಂದರ ಮೇಲೊಂದು ಬಿಟ್ಟೆ. ಮೂರು ವರ್ಷದಿಂದಲೂ ಮಗನ ವಯಸ್ಸು ಐದೇ ಅಂತ ಹೇಳಿ ಅರ್ಧ ಟಿಕೆಟ್ ಕೇಳುತ್ತಿದ್ದ ಹೆಂಗಸಿನ ಕತೆ ಹೇಳಿದೆ. "ಅಮ್ಮಾ, ನಿಮ್ಮ ಮಗನಿಗೆ ಮೀಸೆ ಚಿಗುರ್ತಿದೆ, ವಯಸ್ಸು ಮಾತ್ರ ಇನ್ನೂ ಚಿಗುರಿಲ್ವಾ?" ಅಂದಿದ್ದೆಯಂತೆ. ನಾನು ಕಿಟಕಿ ನೋಡಿದೆ. ಮೂರನೇ ವಾರ ನೀನು ಕತೆ ನಿಲ್ಲಿಸಿದೆ. ಗೋಡೆಯ ಕಡೆ ತಿರುಗಿ ಮಲಗಿದೆ. ಹಾಗೇ ಮಲಗಿ, "ನನ್ನ ಮುಖ ನೋಡಿದ್ರೆ ನಿನಗೆ ನಗು ಬರೋದಿಲ್ಲ ಅಲ್ವಾ? ಅಷ್ಟು ಕೆಟ್ಟುಹೋಗಿದೆಯಾ?" ಅಂತ ಕೇಳಿದೆ.

ಆ ದಿನ ಮನೆಗೆ ಬಂದು ಬಚ್ಚಲ ಕನ್ನಡಿಯ ಎದುರು ನಿಂತೆ. ಎಡಗೆನ್ನೆಯನ್ನು ಬೆರಳಿನಿಂದ ಒತ್ತಿ ಹಿಡಿದು ಬಲಗಡೆ ಮಾತ್ರ ನಗುವುದನ್ನು ಅಭ್ಯಾಸ ಮಾಡಿದೆ. ಹುಚ್ಚು ಅನ್ನು, ಏನಾದರೂ ಅನ್ನು. ನಾಲ್ಕು ದಿನಕ್ಕೆ ಬೆರಳಿಲ್ಲದೆ ಬಂತು. ಆಮೇಲೆ ನಿನ್ನ ಪಕ್ಕ ಕೂತು ನಿನಗೆ ಕಾಣುವ ಕೆನ್ನೆಯಲ್ಲಿ ಚೆನ್ನಾಗಿ ನಕ್ಕೆ. ಕಿಟಕಿಗೆ ಕಾಣುವ ಕೆನ್ನೆ ಅಲ್ಲಾಡಲಿಲ್ಲ, ಹಾಗಾಗಿ ಕಾಗದದಲ್ಲಿ ನಗುವಿನ ಎದುರು ಇಲ್ಲ ಅಂತಲೇ ಬರೆಯುತ್ತಾ ಹೋದೆ. ನೀನು ಎಷ್ಟು ಖುಷಿಯಾದೆ! ನಾಲ್ಕಕ್ಕೆ ನಾನು ಬರುವ ಮೊದಲೇ ನೀನು ಕತೆ ಆರಿಸಿಟ್ಟುಕೊಂಡಿರುತ್ತಿದ್ದೆ ಅಂತ ನರ್ಸಮ್ಮ ಆಮೇಲೆ ಹೇಳಿದರು. ಚೀಲದಲ್ಲಿ ಕೋಳಿ ಬಚ್ಚಿಟ್ಟುಕೊಂಡು ಬಸ್ಸು ಹತ್ತಿದ ಗಂಡಸಿನ ಕತೆಯನ್ನು ಮೂರು ಸಲ ಹೇಳಿದೆ, ಮೂರು ಸಲವೂ ಬೇರೆ ಬೇರೆ ಥರ. ಕೋಳಿ ದಾರಿಯಲ್ಲೇ ಮೊಟ್ಟೆ ಇಟ್ಟಿತು. ನೀನು ಆ ಗಂಡಸಿಗೆ, "ಹತ್ತುವಾಗ ಒಬ್ರು ಅಂದ್ರಿ. ಈಗ ಮೂರು ಜನ ಇಳೀತಿದ್ದೀರಿ. ಕೋಳೀದು ಬಿಡಿ, ಮೊಟ್ಟೆಗೆ ಅರ್ಧ ಟಿಕೆಟ್ ತಗೊಳ್ಳಿ," ಅಂದೆ. ನಾನು ಬಲಗಡೆ ನಕ್ಕೂ ನಕ್ಕೂ ಬಲಗಣ್ಣಿನಲ್ಲಿ ನೀರು ಬಂತು.

ನೀನು ದಡ್ಡಿಯಲ್ಲ. ಸಾವಿರ ಜನರ ಮುಖ ನೋಡಿ ಯಾರು ಟಿಕೆಟ್ ತೆಗೆದಿಲ್ಲ ಅಂತ ಹೇಳುತ್ತಿದ್ದವಳು. ಒಂಬತ್ತನೇ ವಾರ ಒಂದು ಮಂಗಳವಾರ, "ಆ ಕಡೆ ಕೆನ್ನೆ ತೋರಿಸು," ಅಂದೆ. ನಾನು ತಿರುಗಿದೆ. ನೀನು ಸಣ್ಣದೊಂದು ಕತೆ ಹೇಳಿದೆ, ಯಾವುದೆಂದು ಈಗ ನೆನಪಿಲ್ಲ. ಬಲಗಡೆ ನಗು ಬಂತು. ನೀನು ಕೈ ಚಾಚಿ ಎಡಗೆನ್ನೆಯ ಮೇಲೆ ಬೆರಳಿಟ್ಟೆ. ಬೆರಳು ತಣ್ಣಗಿತ್ತು. "ಇದು ಯಾರ ಮನೆ? ಬಾಡಿಗೆಗೆ ಕೊಟ್ಟಿದ್ದೀಯಾ?" ಅಂದೆ. ನಾನು ಮತ್ತೆ ಕಿಟಕಿಗೆ ತಿರುಗಿದೆ. ನೀನೇ ಮಾತು ಮುಗಿಸಿದೆ. "ಇರಲಿ ಬಿಡು. ಬಾಡಿಗೆಯವರು ಖಾಲಿ ಮಾಡಿದ ಮೇಲೆ ಅದನ್ನೂ ನಗಿಸ್ತೀನಿ."

ಶುಕ್ರವಾರ ನೀನು ಹೋದೆ.

ಮರುದಿನ ಶನಿವಾರ. ನಿನ್ನನ್ನು ಬೆಳಿಗ್ಗೆಯೇ ಕಳಿಸಿಕೊಟ್ಟು ಮನೆಗೆ ಬಂದೆವು. ಹನ್ನೊಂದಕ್ಕೆ ನಾನು ಅಂಗಡಿಗೆ ಹೋದೆ. ಯಾರೂ ಬಾ ಅಂದಿರಲಿಲ್ಲ. ನಿನ್ನ ವಿಷಯ ಅಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ. ಆದರೆ ಚಿಲ್ಲರೆ ಇನ್ನು ನನ್ನ ಮಗಳು, ಅವಳಿಗೆ ಮೂರೂವರೆಗೆ ಶಾಲೆ ಬಿಡುತ್ತದೆ, ಮನೆಯಲ್ಲಿ ಬೇರೆ ಯಾರೂ ಇಲ್ಲ, ಇಷ್ಟೇ ತಲೆಯಲ್ಲಿ ಓಡುತ್ತಿತ್ತು. ಹಿಂದಿನ ಫೋಟೋ ಕೋಣೆಯಲ್ಲಿ ಮೂರು ದೀಪ, ಗಲ್ಲ ಇಡಲು ಒಂದು ಕಬ್ಬಿಣದ ಬಟ್ಟಲು. ಕೂದಲಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಕೂತೆ. ಮೇಡಂ ಕಾಗದ ಕೊಟ್ಟರು. ಈ ವಾರ ಎಂದಿಗಿಂತ ಹೆಚ್ಚು ಅತ್ತಿರಾ?

ಇಲ್ಲ ಅಂತ ಬರೆದೆ.

ಒಮ್ಮೆ ಹೌದು ಅಂತ ಶುರುವಾದರೆ ಮುಂದಿನ ವಾರವೂ ನಿಲ್ಲುವುದಿಲ್ಲ ಅನ್ನಿಸಿತ್ತು. ಬರೆದದ್ದು ಪೂರ್ತಿ ಸುಳ್ಳೂ ಆಗಿರಲಿಲ್ಲ. ನಿಜವಾಗಿ ನಾನು ಅತ್ತಿರಲಿಲ್ಲ. ಅಳು ಬಂದಾಗ ಎಡಗೆನ್ನೆ ಒಪ್ಪಲಿಲ್ಲ. ಎಲ್ಲರೂ ಅಳುತ್ತಿದ್ದಾಗ ನಾನು ಒಂದು ಕಡೆಯ ತುಟಿ ಮಾತ್ರ ಸೊಟ್ಟಗೆ ಮಾಡಿಕೊಂಡು ನಿಂತಿದ್ದೆ. ನಿನ್ನ ಹಳೆ ಡಿಪೋದವನೊಬ್ಬ ಇನ್ನೊಬ್ಬನಿಗೆ, "ತಂಗಿಗೆ ಏನಾಗಿದೆ, ಲಕ್ವಾನಾ?" ಅಂತ ಕೇಳಿದ್ದು ನನಗೆ ಕೇಳಿಸಿತು.

ಹನ್ನೆರಡು ವಾರ ಮುಗಿದಾಗ ಮೇಡಂ ಹನ್ನೆರಡನೇ ಫೋಟೋ ನೋಡಿ ಕುರ್ಚಿಯಿಂದ ಎದ್ದೇ ಬಿಟ್ಟರು. ಇಷ್ಟು ವ್ಯತ್ಯಾಸ ಅವರು ಎಲ್ಲೂ ನೋಡಿರಲಿಲ್ಲವಂತೆ. ಬಲಗಡೆ ಮೂಗಿನ ಪಕ್ಕ ಆಳವಾದ ಗೆರೆ, ಕಣ್ಣಿನ ಕೊನೆಯಲ್ಲಿ ಕೋಳಿ ಹೆಜ್ಜೆ. ಎಡಗಡೆ ನಯ. ಹದಿನೈದು ದಿನದಲ್ಲಿ ನನ್ನ ಮುಖ ಆಳೆತ್ತರದ ಪೋಸ್ಟರ್ ಆಗಿ ಕೌಂಟರಿನ ಹಿಂದೆ ನಿಂತಿತು. ಒಂದು ಕೆನ್ನೆಯ ಕೆಳಗೆ 'ಹಚ್ಚದ ಕಡೆ', ಇನ್ನೊಂದರ ಕೆಳಗೆ 'ಹಚ್ಚಿದ ಕಡೆ'. ಬೇರೆ ಹನ್ನೊಂದು ಅಂಗಡಿಗೂ ಹೋಯಿತಂತೆ. ಹಾಗಾಗಿ ಕೌಂಟರೂ ನನಗೇ ಉಳಿಯಿತು. ಅದರ ಕೆಳಗೇ ನಿಲ್ಲಬೇಕು. ಬಂದವರು ಮೇಲೆ ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ, ಮತ್ತೆ ಮೇಲೆ ನೋಡುತ್ತಾರೆ. ಕೆಲವರು ಕೇಳದೆಯೇ ಗಲ್ಲ ಹಿಡಿದು ಬೆಳಕಿಗೆ ತಿರುಗಿಸುತ್ತಾರೆ, ತರಕಾರಿ ಆರಿಸುವ ಹಾಗೆ. ಬೆಳಿಗ್ಗೆ ಎಂಟಕ್ಕೆ ಆ ಮುಖದ ಕೆಳಗೆ ಹೋಗಿ ನಿಂತರೆ ಮೂರರವರೆಗೆ ಅಲ್ಲಿಂದ ಬಿಡುಗಡೆಯಿಲ್ಲ. ಮೂರಕ್ಕೆ ಹೊರಟರೆ ಅದೇ ಮುಖ ನನ್ನ ಜೊತೆ ಬಸ್ಸು ಹತ್ತುತ್ತದೆ.

ಮನೆಯಲ್ಲಿ ಏನಾಯಿತು ಕೇಳು. ಚಿಲ್ಲರೆ ಊಟಕ್ಕೆ ಕೂರುವಾಗ ತನ್ನ ಕುರ್ಚಿಯನ್ನು ಎಳೆದು ನನ್ನ ಬಲಗಡೆಗೆ ಹಾಕಿಕೊಳ್ಳಲು ಶುರು ಮಾಡಿದಳು. ಅಲ್ಲಿ ಗೋಡೆ ಅಡ್ಡ, ಮೊಣಕೈ ತಾಗುತ್ತದೆ. "ಆ ಕಡೆ ಅಗಲ ಜಾಗ ಇದೆಯಲ್ಲೇ," ಅಂದೆ. ಕೇಳಲಿಲ್ಲ. ಒಂದು ದಿನ ಯಾವುದಕ್ಕೋ ನನಗೆ ನಗು ಬಂತು, ಅಭ್ಯಾಸದ ಹಾಗೆ ಬಲಗಡೆ ಮಾತ್ರ. ಅವಳು ತಟ್ಟೆ ಬಿಟ್ಟು ನೋಡಿದಳು. "ಚಿಕ್ಕಮ್ಮ, ನೀನು ನಕ್ರೆ ಈ ಕಡೆ ಅಮ್ಮ ಬರ್ತಾಳೆ," ಅಂದಳು. ಹನ್ನೊಂದು ವರ್ಷದ ಹುಡುಗಿ, ಅಳದೆ, ಇವತ್ತು ಶಾಲೆಗೆ ರಜೆ ಅನ್ನುವ ಹಾಗೆ ಹೇಳಿ ಊಟ ಮುಂದುವರಿಸಿದಳು.

ಆಮೇಲೆ ಬಂದವರು ಟೀಚರಮ್ಮ. ನಿವೃತ್ತರಾದ ಮುಖ್ಯೋಪಾಧ್ಯಾಯಿನಿ, ಪೋಸ್ಟರ್ ನೋಡಿಯೇ ಒಂದು ಸೀಸೆ ಕೊಂಡಿದ್ದರು. ಎರಡು ತಿಂಗಳಾದ ಮೇಲೆ ಖಾಲಿ ಸೀಸೆ ಹಿಡಿದುಕೊಂಡು ಬಂದರು. ಜಗಳಕ್ಕಲ್ಲ. "ಸುಳ್ಳು ಹೇಳಬಾರದು, ಚರ್ಮ ಮೆತ್ತಗಾಗಿದೆ. ಸಣ್ಣಪುಟ್ಟ ಸುಕ್ಕು ಸ್ವಲ್ಪ ಇಳಿದಿದೆ. ಆದರೆ ಈ ಹುಬ್ಬಿನ ಮಧ್ಯದ್ದು ನೋಡು, ಮೂವತ್ತೈದು ವರ್ಷ ಮಕ್ಕಳನ್ನ ದುರುಗುಟ್ಟಿ ನೋಡಿದ್ದು, ಜಪ್ಪಯ್ಯ ಅಂದ್ರೂ ಅಲ್ಲಾಡಿಲ್ಲ. ನಿನಗೆ ಮಾತ್ರ ಹೇಗೆ ಹೀಗಾಯ್ತು? ಇನ್ನೇನು ಮಾಡಿದೆ ಹೇಳು," ಅಂದರು. ನಾನು ಕಲಿತ ಮಾತನ್ನೇ ಹೇಳಿದೆ, ತಾಳ್ಮೆ ಬೇಕು, ನಿಯಮಿತವಾಗಿ ಹಚ್ಚಬೇಕು. ಅವರು ಕೊಡೆಯ ತುದಿಯಿಂದ ಪೋಸ್ಟರಿನ ಒಂದು ಕೆನ್ನೆ ತೋರಿಸಿದರು, ಆಮೇಲೆ ಇನ್ನೊಂದು. ಕರಿಹಲಗೆಯ ಮೇಲಿನ ಲೆಕ್ಕದ ತಪ್ಪು ಹುಡುಕುವ ಹಾಗೆ. "ಈ ಎಡಗಡೆ ಕಡಿಮೆ ಆಗಿಲ್ಲಮ್ಮ. ಬಲಗಡೆ ಜಾಸ್ತಿ ಆಗಿದೆ. ಈ ಕಡೆ ಕೂತು ನಿನ್ನನ್ನ ಯಾರೋ ಬಹಳ ನಗಿಸಿದ್ದಾರೆ," ಅಂದರು.

ಅವರು ಹೋದ ಮೇಲೆ ಫೈಲು ತೆಗೆದೆ. ಹನ್ನೆರಡು ಫೋಟೋ ಸಾಲಾಗಿ. ನಾವೆಲ್ಲ ಪ್ರತಿ ಶನಿವಾರ ಎಡವನ್ನು ಬಲದ ಜೊತೆ ಹೋಲಿಸಿದ್ದೆವು. ನಿಯಮವೇ ಹಾಗಿತ್ತು. ಬಲವನ್ನು ಅದರ ಹಿಂದಿನ ವಾರದ ಬಲದ ಜೊತೆ ಯಾರೂ ಇಟ್ಟು ನೋಡಿರಲಿಲ್ಲ. ಏನೂ ಹಚ್ಚದ ಕಡೆ ಏನಾಗುತ್ತದೆ ಅಂತ ಯಾರು ನೋಡುತ್ತಾರೆ? ಮೊದಲ ವಾರದ ಎಡ, ಹನ್ನೆರಡನೇ ವಾರದ ಎಡ, ಕೂದಲೆಳೆಯಷ್ಟು ವ್ಯತ್ಯಾಸ. ಬಲಗಡೆ ಮಾತ್ರ ನಾಲ್ಕನೇ ವಾರದಿಂದ ಗೆರೆ ಆಳವಾಗುತ್ತಾ ಹೋಗಿತ್ತು. ಐದನೇ ವಾರ, ಮೀಸೆ ಹುಡುಗನ ಕತೆಯನ್ನು ಎರಡನೇ ಸಲ ಹೇಳಿದ್ದು. ಏಳನೇ ವಾರ, ಕೋಳಿ. ಒಂಬತ್ತರ ಹೊತ್ತಿಗೆ ಅದು ನಿನ್ನದೇ ಗೆರೆ. ಹನ್ನೊಂದು ಅಂಗಡಿಯಲ್ಲಿ ಸೀಸೆಯ ಗುಣ ಅಂತ ಜನ ನೋಡುತ್ತಿರುವುದು ನಿನ್ನ ಕತೆಗಳನ್ನು ಅಕ್ಕ.

ಮೇಡಂಗೆ ಹೇಳಿದೆ. ಅವರು ಕೆಟ್ಟವರಲ್ಲ. ಎರಡು ಫೋಟೋ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. "ಒಂದೇ ಕಡೆ ನಗೋದು ಅಂದ್ರೆ ಏನ್ರೀ? ಯಾರಾದ್ರೂ ಹಾಗೆ ನಗ್ತಾರಾ? ಇದನ್ನ ನಾನು ಮೇಲಿನವರಿಗೆ ಹೇಗೆ ಬರೀಲಿ?" ಅಂದರು. ಆಮೇಲೆ ದನಿ ತಗ್ಗಿಸಿ, ಎರಡನೇ ಸುತ್ತು ಬರುತ್ತಿದೆ, ಈ ಸಲ ಬಲಗಡೆಗೂ ಹಚ್ಚಿ ಎರಡನ್ನೂ ಸಮ ಮಾಡೋಣ, ಆಗ ಹಳೆ ಪೋಸ್ಟರ್ ತಾನಾಗೇ ಇಳಿಯುತ್ತದೆ, ಯಾರ ತಲೆಯೂ ಹೋಗುವುದಿಲ್ಲ ಅಂದರು. ಮತ್ತೆ ಹನ್ನೆರಡು ವಾರ. ಅದೇ ಕಾಗದ. ಒಪ್ಪದಿದ್ದರೆ ಡಬ್ಬಿ ಕೋಣೆ.

ಹನಿಗೆ ನಾನು ಹೆದರಲಿಲ್ಲ. ಅದು ಎಷ್ಟು ಮಾಡುತ್ತದೆ ಅಂತ ನನ್ನ ಎಡಗೆನ್ನೆಗೆ ಗೊತ್ತು. ಹೆದರಿದ್ದು ಆ ವಿಶ್ರಾಂತಿಗೆ. ಹನ್ನೆರಡು ವಾರ ಬಲಗಡೆಯನ್ನೂ ಸುಮ್ಮನಿರಿಸಿದರೆ ಅದೂ ಎಡದ ಹಾಗೆ ಮರೆತುಬಿಡುತ್ತದೆ. ಆದರೂ ಸಹಿ ಹಾಕಿದೆ. ಮೂರಕ್ಕೆ ಬಿಡುತ್ತಾರಲ್ಲ. ನಿನ್ನನ್ನು ನೋಡಲಿಕ್ಕೆ ಅಂತ ನಿನ್ನ ಎದುರು ನಗದೆ ಕೂತೆ. ಈಗ ನಿನ್ನ ಮಗಳನ್ನು ನೋಡಿಕೊಳ್ಳಲಿಕ್ಕೆ ಅಂತ ಅವಳ ಎದುರೂ ನಗದೆ ಕೂರಬೇಕು. ಅದೇ ಬಾವಿ, ಅದೇ ಹಗ್ಗ.

ಸೋಮವಾರ ಬಲಗಡೆ ಎರಡು ಹನಿ ಹಚ್ಚಿಕೊಂಡೆ. ಮೂರು ದಿನ ಮನೆಯಲ್ಲಿ ಎರಡೂ ಕೆನ್ನೆ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಇಟ್ಟುಕೊಂಡೆ. ಚಿಲ್ಲರೆ ಶಾಲೆಯ ಏನೇನೋ ಹೇಳಿದಳು. ನಾನು ಹೂಂ, ಹೂಂ ಅಂದೆ. ಬುಧವಾರ ಸಂಜೆ ಅವಳು ಬಲಗಡೆ ಕೂತು ನನ್ನ ಕೆನ್ನೆಯನ್ನೇ ಸ್ವಲ್ಪ ಹೊತ್ತು ನೋಡಿದಳು. "ಇವತ್ತೂ ಅಮ್ಮ ಬರಲಿಲ್ಲ," ಅಂದು ಎದ್ದು, ಕುರ್ಚಿಯನ್ನು ಎಳೆದುಕೊಂಡು ಹೋಗಿ ಮೊದಲಿದ್ದ ಕಡೆ ಹಾಕಿದಳು.

ನೀನು ಗೋಡೆಯ ಕಡೆ ತಿರುಗಿದ್ದು ನೆನಪಾಯಿತು.

ಗುರುವಾರ ನಾನೇ ಆ ಕುರ್ಚಿಯನ್ನು ವಾಪಸ್ ತಂದು ಬಲಗಡೆ ಹಾಕಿದೆ. ಅವಳನ್ನು ಕೂರಿಸಿ ಕೋಳಿಯ ಕತೆ ಶುರು ಮಾಡಿದೆ. ನನಗೆ ಕತೆ ಹೇಳಲು ಬರುವುದಿಲ್ಲ ಅಂತ ನಿನಗೆ ಗೊತ್ತಲ್ಲ. ಕೋಳಿ ಬಸ್ಸು ಹತ್ತುವ ಮೊದಲೇ ಮೊಟ್ಟೆ ಇಡಿಸಿಬಿಟ್ಟೆ. "ಅಯ್ಯೋ ಚಿಕ್ಕಮ್ಮ, ಹಾಗಲ್ಲ! ಈಗಲೇ ಇಟ್ರೆ ಟಿಕೆಟ್ ಯಾಕೆ ಬೇಕು, ಮೊಟ್ಟೆನ ಅಲ್ಲೇ ಬಿಟ್ಟು ಹತ್ತಬಹುದಲ್ಲ! ನೀನು ಸುಮ್ನಿರು," ಅಂತ ಅವಳೇ ಮೊದಲಿನಿಂದ ಹೇಳಿದಳು. ನಿನ್ನ ದನಿ ಮಾಡಿ, ಸೊಂಟಕ್ಕೆ ಚೀಲ ಇರುವ ಹಾಗೆ ಕೈ ಇಟ್ಟುಕೊಂಡು, "ಮೊಟ್ಟೆಗೆ ಅರ್ಧ ಟಿಕೆಟ್ ತಗೊಳ್ಳೀ" ಅಂತ ಕೂಗಿದಳು. ನನಗೆ ತಡೆಯಲಾಗಲಿಲ್ಲ. ಬಲಗಡೆ ನಗು ಒಡೆಯಿತು, ಅದರ ಹಿಂದೆಯೇ ಅಳು ಬಂತು. ನಾಲ್ಕು ತಿಂಗಳಿನದು. ಅವಳೂ ನಕ್ಕಳು, ಅವಳೂ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಈ ಕಡೆದು ಯಾಕೆ ಏಳಲ್ಲ?" ಅಂತ ಎಡಗೆನ್ನೆಗೆ ಬೆರಳಿಟ್ಟು ಮೇಲಕ್ಕೆ ತಳ್ಳಿದಳು. ಬಿಟ್ಟ ಕೂಡಲೇ ಅದು ಇಳಿಯಿತು. ಮತ್ತೆ ತಳ್ಳಿದಳು.

ನಿನ್ನೆ ಶನಿವಾರ ಕಾಗದ ಬಂತು. ಎಂದಿಗಿಂತ ಹೆಚ್ಚು ನಕ್ಕಿರಾ? ಹೌದು. ಎಂದಿಗಿಂತ ಹೆಚ್ಚು ಅತ್ತಿರಾ? ಅದರ ಎದುರಿಗೂ ಅದೇ ಪದ. ಮೇಡಂ ಓದಿ ಕನ್ನಡಕ ತೆಗೆದರು. "ಪೆನ್ಸಿಲ್ಲಲ್ಲಿ ಬರೆದಿದ್ದೀರಾ?" ಅಂದರು. ಆಸೆಯಿಂದ ಕೇಳಿದ ಹಾಗಿತ್ತು. ಪೆನ್ನಲ್ಲಿ ಅಂದೆ. "ಮುಂದಿನ ಶನಿವಾರನೂ ಇದೇ ಬಂದ್ರೆ ನನ್ನ ಕೈಲಿ ಏನೂ ಇಲ್ಲ. ಗೊತ್ತಲ್ಲ?" ಅಂದರು. ಗೊತ್ತು ಅಂದೆ. ಹಳೆ ಫೈಲಿನ ಒಂಬತ್ತನೇ ವಾರದ ಕಾಗದ ಕೇಳಿ ತೆಗೆಸಿಕೊಂಡೆ. 'ಇಲ್ಲ' ಎಂಬುದನ್ನು ಹೊಡೆದುಹಾಕಿ ಪಕ್ಕದಲ್ಲಿ ಹೌದು ಅಂತ ಬರೆದು, ನಿನ್ನೆಯ ತಾರೀಕು ಹಾಕಿ ಸಹಿ ಮಾಡಿದೆ. ಅವರು ತಡೆಯಲಿಲ್ಲ. ಯಾರು ಅಂತ ಮಾತ್ರ ಕೇಳಿದರು. ಅಕ್ಕ ಅಂದೆ. ಅವರು ಆ ಕಾಗದವನ್ನು ಫೈಲಿನಲ್ಲಿ ಅದರ ಜಾಗಕ್ಕೇ ಸೇರಿಸಿದರು.

ಇವತ್ತು ಬೆಳಿಗ್ಗೆ ಚಿಲ್ಲರೆಗೆ ವಿಷಯ ಹೇಳಿದೆ. ಇನ್ನೊಂದು ವಾರ ಕಳೆದರೆ ನಾನು ಮನೆಗೆ ಬರುವುದು ಏಳು ದಾಟಿ, ಬೀಗ ಅವಳೇ ತೆಗೆಯಬೇಕು, ಒಬ್ಬಳೇ ಇರಬೇಕು ಅಂದೆ. ಕೈಬೆರಳು ಮಡಚಿ ಎಣಿಸಿದಳು. "ಮೂರೂವರೆ ಗಂಟೆ ಒಬ್ಬಳೇ," ಅಂದಳು. ಮುಖ ಸಣ್ಣದಾಯಿತು. ಆಮೇಲೆ ಕೇಳಿದಳು, "ಏಳಕ್ಕೆ ಬಂದು ನಗ್ತೀಯಾ?"

ನಗುತ್ತೇನೆ ಅಂದೆ.

"ಮೂರಕ್ಕೆ ಬಂದ್ರೆ ನಗಲ್ವಾ?"

ನಗುವ ಹಾಗಿಲ್ಲ ಅಂದೆ.

"ಹಾಗಾದ್ರೆ ಏಳಕ್ಕೇ ಬಾ," ಅಂದು ಬೀಗದ ಕೈಗೆ ದಾರ ಹುಡುಕಲು ಹೋದಳು.

ಇದು ಬಿಡುಗಡೆ ಅಂತ ನಾನು ಹೇಳುವುದಿಲ್ಲ ಅಕ್ಕ. ಆ ಮೂರೂವರೆ ಗಂಟೆ ದಿನಾ ಅಂಟು ಹಚ್ಚುವವಳ ಪಕ್ಕ ಕೂತು ನಾನು ಗಡಿಯಾರ ನೋಡುತ್ತಲೇ ಇರುತ್ತೇನೆ. ಪೋಸ್ಟರ್ ಯಾವಾಗ ಇಳಿಯುತ್ತದೋ ಗೊತ್ತಿಲ್ಲ. ಕೌಂಟರಿನಲ್ಲಿ ಉಳಿದಿರುವ ಈ ಒಂದು ವಾರ ಕೊಳ್ಳಲು ಬಂದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಅಂದುಕೊಂಡಿದ್ದೇನೆ. ಚರ್ಮ ಮೆತ್ತಗಾಗುತ್ತದೆ, ಆಳದ ಗೆರೆ ಹೋಗುವುದಿಲ್ಲ. ಟೀಚರಮ್ಮನಿಗೆ ಮೊದಲು. ಎಡಗೆನ್ನೆ ಇನ್ನೂ ಎದ್ದಿಲ್ಲ. ದಿನಾ ಊಟ ಆದ ಮೇಲೆ ಹತ್ತು ಸಲ ತಳ್ಳುತ್ತೇನೆ ಅಂತ ಚಿಲ್ಲರೆ ಹಟ ಹಿಡಿದಿದ್ದಾಳೆ. ಇವತ್ತು ಆರನೇ ಸಲಕ್ಕೆ ಬಾಯಿಯ ಅಂಚಿನಲ್ಲಿ ಏನೋ ಮಿಸುಕಿದ ಹಾಗಾಯಿತು. ಅವಳ ಬೆರಳಿನದೋ ನನ್ನದೋ ಹೇಳಲಾರೆ.

ನೀನು ಎಲ್ಲಿದ್ದೀಯೋ, ಅಲ್ಲಿ ನಿನ್ನ ಪಕ್ಕ ಕೂತವರು ಎರಡೂ ಕೆನ್ನೆಯಲ್ಲಿ ನಗುವವರಾಗಿರಲಿ. ನಿನ್ನ ಬಸ್ಸಿನಲ್ಲಿ ಯಾವತ್ತೂ ಜಾಗ ಇರಲಿ. ನಿನ್ನ ಮಗಳನ್ನು ನಾನು ನೋಡಿಕೊಳ್ಳುತ್ತೇನೆ, ನಗುತ್ತಲೇ ನೋಡಿಕೊಳ್ಳುತ್ತೇನೆ.

ಬಾಡಿಗೆಯವರು ಖಾಲಿ ಮಾಡುತ್ತಿದ್ದಾರೆ ಅಕ್ಕ. ಆಮೇಲೆ ಈ ಕೆನ್ನೆಯನ್ನೂ ನಗಿಸ್ತೀನಿ ಅಂದಿದ್ದೆ ನೀನು. ನಿನ್ನ ಬದಲಿಗೆ ನಿನ್ನ ಚಿಲ್ಲರೆ ಬಂದಿದ್ದಾಳೆ.

ನಿನ್ನ
ಗುಮ್ಮಿ